ಕಟ್ಟಲು ವಾಷಿಂಗ್ಟನ್ನಿನ ಹಣ, ಓಡಿಸಲು ನಮ್ಮ ಹಣ

ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸ್ಯಾನ್ ಹೋಸೆ ನಗರಗಳ ನಡುವೆ ಓಡುವ ಕ್ಯಾಲ್‌ಟ್ರೇನ್ 2024ರ ಸೆಪ್ಟೆಂಬರ್ 21ರಂದು ಡೀಸೆಲ್ ಎಂಜಿನ್ನುಗಳನ್ನು ಬಿಟ್ಟು ವಿದ್ಯುತ್ ರೈಲುಗಳಿಗೆ ಬದಲಾಯಿತು. ಸುಮಾರು 51 ಮೈಲಿ ಉದ್ದಕ್ಕೆ ಕಂಬ ನೆಟ್ಟು ತಂತಿ ಎಳೆದದ್ದು, ವಿದ್ಯುತ್ ಉಪಕೇಂದ್ರಗಳನ್ನು ಕಟ್ಟಿದ್ದು, ಹೊಸ ರೈಲುಗಳನ್ನು ಕೊಂಡದ್ದು ಎಲ್ಲ ಸೇರಿ 244 ಕೋಟಿ ಡಾಲರ್ ಖರ್ಚಾಯಿತು. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ರೈಲು ಹಿಂದೆ ಸುಮಾರು 100 ನಿಮಿಷ ತೆಗೆದುಕೊಳ್ಳುತ್ತಿದ್ದ ದಾರಿಯನ್ನು ಈಗ ಸುಮಾರು 75 ನಿಮಿಷಗಳಲ್ಲಿ ಮುಗಿಸುತ್ತದೆ. ವಾರಾಂತ್ಯದಲ್ಲಿ ಗಂಟೆಗೊಂದು ಬರುತ್ತಿದ್ದ ರೈಲು ಅರ್ಧ ಗಂಟೆಗೊಂದು ಬರುತ್ತದೆ. ಮೊದಲ ವರ್ಷದಲ್ಲೇ ಪ್ರಯಾಣಿಕರ ಸಂಖ್ಯೆ ಶೇ 40ಕ್ಕಿಂತ ಹೆಚ್ಚು ಏರಿತು. ಹೀಗೆ ಎಲ್ಲ ಲೆಕ್ಕದಲ್ಲೂ ಗೆದ್ದ ಈ ವ್ಯವಸ್ಥೆಯೇ, ಇನ್ನು ಮುಂದೆ ವರ್ಷಕ್ಕೆ ಸರಾಸರಿ ಏಳೂವರೆ ಕೋಟಿ ಡಾಲರ್ ಕೊರತೆ ಬೀಳಲಿದೆಯೆಂದೂ ಹೊಸ ಆದಾಯ ಸಿಗದಿದ್ದರೆ ರೈಲುಗಳನ್ನು ಕಡಿತಗೊಳಿಸಬೇಕಾದೀತೆಂದೂ ಹೇಳುತ್ತಿದೆ.

ಸನಿವೇಲಿನಲ್ಲಿ ಬದುಕುವ, ಕೆಲಸಕ್ಕೆ ಈ ರೈಲನ್ನೇ ಹಿಡಿಯುವ ನನಗೆ ಈ ಎರಡು ಸುದ್ದಿಗಳು ಒಟ್ಟಿಗೆ ನಿಜವಾಗಿರುವುದು ಹೇಗೆಂಬ ಪ್ರಶ್ನೆ ಬಹಳ ಕಾಲ ಕಾಡಿತು. ಊರಿಂದ ಬಂದ ಬಂಧುಗಳೂ ಇಲ್ಲಿನ ಕನ್ನಡದ ಗೆಳೆಯರೂ ಇದನ್ನೇ ಕೇಳುತ್ತಾರೆ: ಜಗತ್ತಿನ ಅತ್ಯಂತ ಶ್ರೀಮಂತ ಪ್ರದೇಶಗಳಲ್ಲೊಂದರಲ್ಲಿ ಬಸ್ಸು ಯಾಕೆ ಗಂಟೆಗೊಂದು ಬರುತ್ತದೆ, ಭಾನುವಾರ ಯಾಕೆ ಬರುವುದೇ ಇಲ್ಲ? ಸರ್ಕಾರದ ಬಳಿ ಹಣವಿಲ್ಲ ಎಂಬ ಉತ್ತರ ಸರಿಯಲ್ಲ. ಹಣವಿದೆ, ಆದರೆ ಆ ಹಣದ ಮೇಲೆ ಅದನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಕೂಡದು ಎಂದು ಬರೆದಿದೆ. ಒಕ್ಕೂಟ ಸರ್ಕಾರದ, ಅಂದರೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ, ಹಣ ರೈಲು ಕೊಳ್ಳುತ್ತದೆ, ಹಳಿ ಹಾಸುತ್ತದೆ, ನಿಲ್ದಾಣ ಕಟ್ಟುತ್ತದೆ. ಚಾಲಕರ ಸಂಬಳ, ವಿದ್ಯುತ್ ಬಿಲ್ಲು, ರಾತ್ರಿ ಹತ್ತರ ನಂತರದ ಕೊನೆಯ ರೈಲು, ಇವು ದೊಡ್ಡ ನಗರಗಳ ಪಾಲಿಗೆ ಬಹುಮಟ್ಟಿಗೆ ಸ್ಥಳೀಯರದೇ ಹೊಣೆ. ಈ ಗೆರೆಯನ್ನು ಎಳೆದದ್ದು ಕಾನೂನು. ಹಾಗಾಗಿ ಅದನ್ನು ಅಳಿಸುವುದೂ ಕಾನೂನಿನಿಂದಲೇ ಸಾಧ್ಯ.

ಇದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ನಗರ ಸಾರಿಗೆಗೆ ಒಕ್ಕೂಟ ಸರ್ಕಾರ ನಿಯತವಾಗಿ ನೆರವು ನೀಡಲು ಆರಂಭಿಸಿದ್ದು 1964ರಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಸಮೂಹ ಸಾರಿಗೆ ಕಾಯಿದೆಯ ಮೂಲಕ. ಆಗ ಅಮೆರಿಕದ ನಗರಗಳಲ್ಲಿ ಬಸ್ಸು, ಟ್ರಾಮುಗಳನ್ನು ನಡೆಸುತ್ತಿದ್ದ ಖಾಸಗಿ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅವುಗಳ ಆಸ್ತಿಯನ್ನು ನಗರಗಳು ಕೊಂಡುಕೊಳ್ಳಲು, ಹೊಸ ವಾಹನಗಳನ್ನು ತರಿಸಲು ಯೋಜನೆಯ ನಿವ್ವಳ ವೆಚ್ಚದ ಮೂರನೇ ಎರಡು ಭಾಗದವರೆಗೆ ವಾಷಿಂಗ್ಟನ್ ಕೊಡುತ್ತದೆ ಎಂಬುದು ಅಂದಿನ ಏರ್ಪಾಡು. 1973ರಲ್ಲಿ ಆ ಪಾಲು ಶೇ 80ಕ್ಕೆ ಏರಿತು. ಆದರೆ ಕೊಂಡ ಬಸ್ಸುಗಳನ್ನು ಓಡಿಸುವ ಖರ್ಚು ಟಿಕೆಟ್ ಹಣದಿಂದ ಹುಟ್ಟುತ್ತಿರಲಿಲ್ಲ. ನಗರಗಳ ಒತ್ತಾಯಕ್ಕೆ ಮಣಿದು 1974ರಲ್ಲಿ ಸಂಸತ್ತು ನಡೆಸುವ ಖರ್ಚಿಗೂ ನೆರವು ಕೊಡಲು ಒಪ್ಪಿತು. ರೊನಾಲ್ಡ್ ರೇಗನ್ ಆಡಳಿತ ಆ ನೆರವನ್ನು ಪೂರ್ತಿ ನಿಲ್ಲಿಸಲು ಪ್ರಯತ್ನಿಸಿತು. ಅದು ಸವೆಯುತ್ತ ಬಂದು, 1998ರ ಸಾರಿಗೆ ಕಾಯಿದೆಯಲ್ಲಿ 2 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ ಪ್ರದೇಶಗಳಿಗೆ ಕೊನೆಗೊಂಡಿತು.

ಸಣ್ಣ ಊರುಗಳಿಗೆ ಮತ್ತು ಗ್ರಾಮೀಣ ಭಾಗಕ್ಕೆ ಆ ನೆರವು ಉಳಿಯಿತು. ಇಂದಿಗೂ ಗ್ರಾಮೀಣ ಸಾರಿಗೆಯ ಅನುದಾನದಲ್ಲಿ ನಡೆಸುವ ನಿವ್ವಳ ಖರ್ಚಿನ ಅರ್ಧದವರೆಗೆ ಒಕ್ಕೂಟದ ಹಣ ಬಳಸಬಹುದು. 2012ರ ಕಾಯಿದೆಯಲ್ಲಿ, ದೊಡ್ಡ ನಗರ ಪ್ರದೇಶದೊಳಗಿದ್ದರೂ ದಟ್ಟಣೆಯ ಹೊತ್ತಿನಲ್ಲಿ 100ಕ್ಕಿಂತ ಹೆಚ್ಚು ಬಸ್ಸುಗಳನ್ನು ಓಡಿಸದ ಸಂಸ್ಥೆಗಳಿಗೆ ಒಂದು ಮಟ್ಟಿನ ವಿನಾಯಿತಿ ಸಿಕ್ಕಿತು. ಅಂಗವಿಕಲರಿಗಾಗಿ ನಡೆಸುವ ಸೇವೆಗೂ ಅನುದಾನದ ಒಂದು ಪಾಲನ್ನು ಬಳಸಲು ಅವಕಾಶವಿದೆ. ಅಂದರೆ ನಡೆಸುವ ಖರ್ಚಿಗೆ ಒಕ್ಕೂಟದ ಹಣ ಕೊಡಲೇಬಾರದು ಎಂಬ ತತ್ತ್ವವೇನೂ ಇಲ್ಲ. ಇಂಥವರಿಗೆ ಕೊಡಬಹುದು, ಇಂಥವರಿಗೆ ಕೊಡಕೂಡದು ಎಂಬ ಆಯ್ಕೆ ಇದೆ, ಮತ್ತು ಅತಿ ಹೆಚ್ಚು ಜನ ಬಸ್ಸು ರೈಲುಗಳನ್ನು ನೆಚ್ಚಿಕೊಂಡಿರುವ ಊರುಗಳೇ ಆ ಆಯ್ಕೆಯ ಹೊರಗೆ ಉಳಿದಿವೆ.

ಈ ಹಣ ಬರುವ ದಾರಿಯನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಪ್ರತಿ ಗ್ಯಾಲನ್ ಪೆಟ್ರೋಲಿನ ಮೇಲೆ ಒಕ್ಕೂಟ ಸರ್ಕಾರದ ತೆರಿಗೆ 18.4 ಸೆಂಟ್. 1993ರಿಂದ ಈ ದರ ಬದಲಾಗಿಲ್ಲ. ಅದರಲ್ಲಿ 2.86 ಸೆಂಟ್ ಸಾರ್ವಜನಿಕ ಸಾರಿಗೆಯ ಖಾತೆಗೆ ಹೋಗುತ್ತದೆ; ಉಳಿದದ್ದರಲ್ಲಿ ಬಹುಪಾಲು ಹೆದ್ದಾರಿಗಳಿಗೆ. ಬೆಲೆಗಳು ಏರಿದರೂ, ಕಾರುಗಳು ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡತೊಡಗಿದರೂ ತೆರಿಗೆ ಮಾತ್ರ ನಿಂತಲ್ಲೇ ನಿಂತಿತು. ಆ ನಿಧಿ ಖಾಲಿಯಾಗುವ ಹಂತಕ್ಕೆ ಬಂದಾಗ, ಅಂದರೆ 2008ರಿಂದ, ಸಂಸತ್ತು ಸಾಮಾನ್ಯ ಖಜಾನೆಯಿಂದ ಮತ್ತೆ ಮತ್ತೆ ಹಣ ತುಂಬಿಸುತ್ತ ಬಂದಿದೆ. 2021ರ ನವೆಂಬರ್ 15ರಂದು ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ಮೂಲಸೌಕರ್ಯ ಕಾಯಿದೆ ಐದು ವರ್ಷಗಳಲ್ಲಿ ಸಾರ್ವಜನಿಕ ಸಾರಿಗೆಗೆ 10,800 ಕೋಟಿ ಡಾಲರ್‌ಗಳವರೆಗೆ ಕೊಡಲು ಅನುಮತಿ ನೀಡಿತು. ಅಷ್ಟು ದೊಡ್ಡ ಮೊತ್ತವನ್ನು ಮಂಜೂರು ಮಾಡುವಾಗಲೂ ದೊಡ್ಡ ನಗರಗಳ ನಡೆಸುವ ಖರ್ಚಿನ ಮೇಲಿನ ನಿರ್ಬಂಧವನ್ನು ಅದು ತೆಗೆಯಲಿಲ್ಲ.

ಈಗ ಕ್ಯಾಲ್‌ಟ್ರೇನ್ ಕಥೆಗೆ ಬರುತ್ತೇನೆ, ಏಕೆಂದರೆ ಈ ನೀತಿಯ ಒಳಿತು ಕೆಡಕುಗಳೆರಡೂ ಈ ಒಂದೇ ಹಳಿಯ ಮೇಲೆ ಕಾಣುತ್ತವೆ. ಈ ಮಾರ್ಗ 1860ರ ದಶಕದ್ದು. ಬಹುಕಾಲ ಸದರ್ನ್ ಪೆಸಿಫಿಕ್ ಎಂಬ ಖಾಸಗಿ ರೈಲ್ವೆ ಕಂಪನಿ ಇದನ್ನು ನಡೆಸಿತು. 1977ರಲ್ಲಿ ಆ ಕಂಪನಿ, ಪ್ರಯಾಣಿಕರ ಸೇವೆಯಿಂದ ನಷ್ಟವಾಗುತ್ತಿದೆ, ನಿಲ್ಲಿಸಲು ಅನುಮತಿ ಕೊಡಿ ಎಂದು ಕೇಳಿತು. 1980ರಿಂದ ಕ್ಯಾಲಿಫೋರ್ನಿಯಾ ರಾಜ್ಯ ನಷ್ಟ ಭರಿಸಲು ಮುಂದೆ ಬಂದಿತು. 1991ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಮಟೇಯೊ ಮತ್ತು ಸಾಂಟಾ ಕ್ಲಾರಾ ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಸೇರಿ ಕಟ್ಟಿಕೊಂಡ ಜಂಟಿ ಮಂಡಳಿ 21.2 ಕೋಟಿ ಡಾಲರ್ ಕೊಟ್ಟು ಹಳಿಯ ಜಾಗವನ್ನೇ ಕೊಂಡಿತು, ಮರುವರ್ಷ ಸೇವೆಯನ್ನೂ ವಹಿಸಿಕೊಂಡಿತು. ಆದರೆ ಆ ಮಂಡಳಿಗೆ ತನ್ನದೇ ಆದ ತೆರಿಗೆ ಇರಲಿಲ್ಲ. ಪ್ರತಿ ವರ್ಷ ಮೂರು ಕೌಂಟಿಗಳ ಕೊಡುಗೆಯನ್ನು ಕಾಯುವುದು, ಒಬ್ಬರು ಕಡಿಮೆ ಮಾಡಿದರೆ ಉಳಿದಿಬ್ಬರೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡುವುದು, ಉಳಿದದ್ದನ್ನು ಟಿಕೆಟ್ ಹಣದಿಂದ ತುಂಬಿಸಿಕೊಳ್ಳುವುದು, ಹೀಗೆ ಮೂರು ದಶಕ ನಡೆಯಿತು. ಕೊರೊನಾಕ್ಕೆ ಮೊದಲು ಈ ರೈಲಿನ ನಡೆಸುವ ಖರ್ಚಿನಲ್ಲಿ ಸುಮಾರು ಶೇ 70 ಪ್ರಯಾಣಿಕರ ಜೇಬಿನಿಂದಲೇ ಬರುತ್ತಿತ್ತು. ಅಮೆರಿಕದ ಸಾರಿಗೆಯಲ್ಲಿ ಇದು ಅಪರೂಪದ ಪ್ರಮಾಣ, ಅಷ್ಟೇ ಅಪಾಯದ ಪ್ರಮಾಣ ಕೂಡ.

ವಿದ್ಯುದೀಕರಣಕ್ಕೆ ಒಕ್ಕೂಟದ ಸಾರಿಗೆ ಆಡಳಿತ 64.7 ಕೋಟಿ ಡಾಲರ್ ಕೊಡಬೇಕಿತ್ತು. ವರ್ಷಗಟ್ಟಲೆ ಪರಿಶೀಲನೆ ಮುಗಿದು ಇನ್ನೇನು ಸಹಿಯಾಗಬೇಕು ಎನ್ನುವ ಹೊತ್ತಿಗೆ, 2017ರ ಫೆಬ್ರವರಿಯಲ್ಲಿ, ಆಗತಾನೇ ಅಧಿಕಾರಕ್ಕೆ ಬಂದಿದ್ದ ಆಡಳಿತದ ಸಾರಿಗೆ ಕಾರ್ಯದರ್ಶಿ ಎಲೇನ್ ಚಾವೊ ಅವರ ಇಲಾಖೆ ಅದನ್ನು ತಡೆಹಿಡಿಯಿತು. ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ ಸಂಸದರು ಇದನ್ನು ಅತಿವೇಗದ ರೈಲು ಯೋಜನೆಯೊಂದಿಗೆ ಜೋಡಿಸಿ ವಿರೋಧಿಸಿ ಪತ್ರ ಬರೆದಿದ್ದರು. ಗುತ್ತಿಗೆದಾರರೊಂದಿಗೆ ಮಾಡಿಕೊಂಡ ಒಪ್ಪಂದದ ಗಡುವನ್ನು ವಿಸ್ತರಿಸಿಕೊಳ್ಳಬೇಕಾಯಿತು. ಇಲ್ಲಿನ ಕಂಪನಿಗಳು, ನಗರಸಭೆಗಳು, ಪ್ರಯಾಣಿಕರು ಒಟ್ಟಾಗಿ ಒತ್ತಡ ತಂದ ಮೇಲೆ ಮೇ ತಿಂಗಳಲ್ಲಿ ಸಹಿಯಾಯಿತು. ಆ ಒತ್ತಡದಲ್ಲಿ ಯೂಟಾ ರಾಜ್ಯಕ್ಕೂ ಒಂದು ಪಾತ್ರವಿತ್ತು ಎಂಬುದನ್ನು ಗಮನಿಸಬೇಕು, ಏಕೆಂದರೆ ರೈಲುಗಳನ್ನು ಕಟ್ಟುವ ಸ್ವಿಟ್ಜರ್ಲೆಂಡಿನ ಸ್ಟಾಡ್ಲರ್ ಕಂಪನಿ ತನ್ನ ಕಾರ್ಖಾನೆಯನ್ನು ತೆರೆಯುತ್ತಿದ್ದದ್ದು ಅಲ್ಲಿನ ಸಾಲ್ಟ್ ಲೇಕ್ ಸಿಟಿಯಲ್ಲಿ. ಒಕ್ಕೂಟದ ಹಣದಿಂದ ಕೊಳ್ಳುವ ರೈಲು ಬಸ್ಸುಗಳ ಬಿಡಿಭಾಗಗಳಲ್ಲಿ ವೆಚ್ಚದ ಲೆಕ್ಕದಲ್ಲಿ ಶೇ 70ಕ್ಕಿಂತ ಹೆಚ್ಚು ಅಮೆರಿಕದಲ್ಲೇ ತಯಾರಾಗಿರಬೇಕೆಂದು ಈಗಿನ ಕಾನೂನು ಹೇಳುತ್ತದೆ. ಹೀಗಾಗಿ ಒಂದು ಊರಿನ ರೈಲು ಇನ್ನೊಂದು ರಾಜ್ಯದ ಕಾರ್ಖಾನೆಗೆ ಕೆಲಸ ಕೊಡುತ್ತದೆ. ವಾಷಿಂಗ್ಟನ್ನಿನಲ್ಲಿ ಕಟ್ಟುವ ಯೋಜನೆಗಳಿಗೆ ಗೆಳೆಯರು ಹೆಚ್ಚು ಸಿಗುವುದಕ್ಕೆ ಇದು ಒಂದು ದೊಡ್ಡ ಕಾರಣ. ಭಾನುವಾರ ಬೆಳಿಗ್ಗೆ ಒಂದು ಹೆಚ್ಚುವರಿ ರೈಲು ಓಡಿಸಲು ಬೇಕಾದ ಚಾಲಕರ ಸಂಬಳಕ್ಕೆ ಯೂಟಾದ ಸಂಸದರು ಮಾತಾಡುವ ಕಾರಣವಿಲ್ಲ.

2020ರ ಮಾರ್ಚ್ ನಂತರ ಪ್ರಯಾಣಿಕರು ಶೇ 95ಕ್ಕಿಂತ ಹೆಚ್ಚು ಕಡಿಮೆಯಾದರು. ಕಾಮಗಾರಿ ಮಾತ್ರ ನಡೆಯುತ್ತಲೇ ಇತ್ತು, ಏಕೆಂದರೆ ಅದರ ಹಣ ಬೇರೆ ಪೆಟ್ಟಿಗೆಯದು. ಅಂದರೆ ಮುಂದೆ ಓಡಲಿರುವ ಹೊಸ ರೈಲುಗಳಿಗೆ ಹಣವಿತ್ತು, ಅಂದು ಓಡುತ್ತಿದ್ದ ಹಳೆಯ ರೈಲುಗಳಿಗೆ ಇರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಮೂರೂ ಕೌಂಟಿಗಳ ಮತದಾರರ ಮುಂದೆ ಮೆಷರ್ ಆರ್‌ಆರ್ ಬಂದಿತು: ಪ್ರತಿ ಡಾಲರಿನ ಖರೀದಿಗೆ ಎಂಟನೇ ಒಂದು ಸೆಂಟ್ ಮಾರಾಟ ತೆರಿಗೆ, 30 ವರ್ಷಗಳ ಅವಧಿಗೆ, ಕ್ಯಾಲ್‌ಟ್ರೇನಿಗೆ ಮಾತ್ರ. ಮಂಡಳಿಯ ಆಡಳಿತ ಯಾರ ಕೈಯಲ್ಲಿರಬೇಕೆಂಬ ಜಗಳದಿಂದಾಗಿ ಅದು ಮತಪತ್ರ ತಲುಪುವುದೇ ಅನುಮಾನವಾಗಿತ್ತು. ಗೆಲ್ಲಲು ಮೂರನೇ ಎರಡು ಭಾಗ ಮತ ಬೇಕಿತ್ತು. ಕೆಲಸಕ್ಕೆ ಹೋಗದೆ ಮನೆಯಲ್ಲೇ ಕುಳಿತಿದ್ದ ಜನ, ಖಾಲಿ ರೈಲಿಗಾಗಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಸುಮಾರು ಶೇ 69 ಮತ ಬಿದ್ದಿತು. ಈ ಪ್ರದೇಶದಲ್ಲಿ ನಾನು ಕಂಡ ಸಾರ್ವಜನಿಕ ನಿರ್ಧಾರಗಳಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು ಇದು. ಅದಿಲ್ಲದಿದ್ದರೆ 244 ಕೋಟಿ ಡಾಲರಿನ ತಂತಿಗಳ ಕೆಳಗೆ ಓಡಲು ರೈಲು ಉಳಿಯುತ್ತಿತ್ತೋ ಇಲ್ಲವೋ.

ಒಕ್ಕೂಟ ಸರ್ಕಾರಕ್ಕೆ ಈ ತೊಡಕು ಗೊತ್ತಿಲ್ಲವೆಂದಲ್ಲ. ದೊಡ್ಡ ಮೊತ್ತ ಕೇಳುವ ಪ್ರತಿ ಯೋಜನೆಯನ್ನೂ ಸಾರಿಗೆ ಆಡಳಿತ ಎರಡು ದಿಕ್ಕಿನಿಂದ ಅಳೆಯುತ್ತದೆ. ಯೋಜನೆಯಿಂದ ಎಷ್ಟು ಜನರಿಗೆ ಉಪಯೋಗ, ಪರಿಸರಕ್ಕೆ ಎಷ್ಟು ಒಳಿತು, ಖರ್ಚಿಗೆ ತಕ್ಕ ಫಲವಿದೆಯೇ ಎಂಬುದು ಒಂದು. ಸ್ಥಳೀಯರು ತಮ್ಮ ಪಾಲನ್ನು ಕೊಡಬಲ್ಲರೇ, ಕಟ್ಟಿದ ಮೇಲೆ ನಡೆಸಬಲ್ಲರೇ ಎಂಬುದು ಇನ್ನೊಂದು. ಎರಡನೆಯದರಲ್ಲಿ ಅಂಕ ಕಡಿಮೆಯಾದರೆ ಅನುದಾನವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಊರುಗಳನ್ನು ಜೋಡಿಸುವ ಬಾರ್ಟ್ ಎಂಬ ಇನ್ನೊಂದು ರೈಲು ನಮ್ಮ ಸಾಂಟಾ ಕ್ಲಾರಾ ಕೌಂಟಿಗೆ ಬಂದದ್ದು ಈ ಪರೀಕ್ಷೆಯ ಅತ್ಯುತ್ತಮ ಉದಾಹರಣೆ. 2000ದಲ್ಲೇ ಮತದಾರರು ನಿರ್ಮಾಣಕ್ಕೆ ನೆರವಾಗುವಂತೆ ಅರ್ಧ ಸೆಂಟ್ ಮಾರಾಟ ತೆರಿಗೆಗೆ ಒಪ್ಪಿದ್ದರು. ಆದರೆ ಓಡಿಸುವ ಖರ್ಚು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. 2008ರಲ್ಲಿ ಅದಕ್ಕಾಗಿಯೇ ಎಂಟನೇ ಒಂದು ಸೆಂಟ್ ತೆರಿಗೆಯನ್ನು ಮತಕ್ಕೆ ಹಾಕಲಾಯಿತು. ಬೇಕಿದ್ದದ್ದು ಮೂರನೇ ಎರಡು ಭಾಗ, ಅಂದರೆ ಶೇ 66.67, ಬಿದ್ದದ್ದು ಶೇ 66.78. ಒಕ್ಕೂಟದ ಅನುದಾನ ಖಚಿತವಾದ ಮೇಲಷ್ಟೇ ಈ ತೆರಿಗೆಯನ್ನು ವಸೂಲಿ ಮಾಡಬೇಕೆಂಬ ಷರತ್ತು ಕೂಡ ಅದರಲ್ಲಿತ್ತು. 2012ರಲ್ಲಿ 90 ಕೋಟಿ ಡಾಲರಿನ ಒಪ್ಪಂದವಾಯಿತು, ಅದೇ ವರ್ಷ ತೆರಿಗೆ ವಸೂಲಿ ಆರಂಭವಾಯಿತು, 2020ರ ಜೂನಿನಲ್ಲಿ ಮಿಲ್ಪಿಟಾಸ್ ಮತ್ತು ಬೆರಿಯೆಸ್ಸಾ ನಿಲ್ದಾಣಗಳು ತೆರೆದವು. ಸ್ಯಾನ್ ಹೋಸೆ ನಗರದ ನಡುಭಾಗಕ್ಕೆ ಸುರಂಗದಲ್ಲಿ ಹೋಗಬೇಕಾದ ಮುಂದಿನ ಹಂತಕ್ಕೆ 2024ರ ಆಗಸ್ಟಿನಲ್ಲಿ ಒಕ್ಕೂಟ ಘೋಷಿಸಿದ ಪಾಲು 510 ಕೋಟಿ ಡಾಲರ್.

ಮೇಲ್ನೋಟಕ್ಕೆ ಇದು ಶಿಸ್ತಿನ ಏರ್ಪಾಡು: ನಡೆಸಬಲ್ಲೆ ಎಂದು ತೋರಿಸು, ಆಮೇಲೆ ಕಟ್ಟು. ಆದರೆ ಇದರ ಪರಿಣಾಮ ಎಲ್ಲ ಊರುಗಳ ಮೇಲೂ ಒಂದೇ ರೀತಿ ಆಗುವುದಿಲ್ಲ. ಮಾರಾಟ ತೆರಿಗೆಯಿಂದ ಹಣ ಎತ್ತಬಲ್ಲ ಶ್ರೀಮಂತ ಕೌಂಟಿಗೆ ಅನುದಾನ ಸಿಗುತ್ತದೆ. ಅಂಗಡಿಗಳೇ ಮುಚ್ಚಿಹೋದ ಊರಿಗೆ, ಹೊಸ ತೆರಿಗೆ ಹಾಕಲು ರಾಜ್ಯದ ಅನುಮತಿಯೇ ಇಲ್ಲದ ಊರಿಗೆ ಸಿಗುವುದಿಲ್ಲ. ಮಾರಾಟ ತೆರಿಗೆಯ ಭಾರ ಕಡಿಮೆ ಆದಾಯದವರ ಮೇಲೆ ಹೆಚ್ಚು ಬೀಳುತ್ತದೆ ಎಂಬುದು ಬೇರೆ ಮಾತು, ಆದರೆ ಸಣ್ಣ ಮಾತಲ್ಲ. ಜೊತೆಗೆ, ಪರೀಕ್ಷೆಯ ದಿನ ತೋರಿಸಿದ ಲೆಕ್ಕ ಇಪ್ಪತ್ತು ವರ್ಷ ನಿಲ್ಲಬೇಕು. ಕಚೇರಿಗಳು ವಾರಕ್ಕೆರಡು ದಿನ ಮಾತ್ರ ತುಂಬುವ ಕಾಲ ಬರುತ್ತದೆಂದು ಯಾವ ಲೆಕ್ಕಪತ್ರವೂ ಊಹಿಸಿರಲಿಲ್ಲ.

ಬಸ್ಸುಗಳ ವಿಷಯದಲ್ಲಿ ಈ ನೀತಿ ಇನ್ನೊಂದು ವಿಚಿತ್ರವನ್ನು ಹುಟ್ಟುಹಾಕಿತು. ಒಕ್ಕೂಟದ ಹಣದಿಂದ ಕೊಂಡ 40 ಅಡಿಯ ದೊಡ್ಡ ಬಸ್ಸನ್ನು ಕನಿಷ್ಠ 12 ವರ್ಷ ಅಥವಾ 5 ಲಕ್ಷ ಮೈಲಿ ಓಡಿಸಬೇಕೆಂಬುದು ನಿಯಮ. ಹೊಸ ಬಸ್ಸಿನ ಬೆಲೆಯಲ್ಲಿ ಶೇ 80 ಬೇರೆಯವರು ಕೊಡುವಾಗ, ಹಳೆಯ ಬಸ್ಸಿನ ರಿಪೇರಿಗೆ ಪೂರ್ತಿ ಹಣ ತಾನೇ ಹಾಕಬೇಕಾಗಿರುವಾಗ, ಸಂಸ್ಥೆಯೊಂದು ಯಾವ ಕಡೆ ವಾಲುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಇದನ್ನು ಮನಗಂಡೇ 1998ರ ಕಾಯಿದೆ, ಒಂದು ಕೈಯಿಂದ ನಡೆಸುವ ಖರ್ಚಿನ ನೆರವನ್ನು ಕಿತ್ತುಕೊಂಡು, ಇನ್ನೊಂದು ಕೈಯಿಂದ ಮುನ್ನೆಚ್ಚರಿಕೆಯ ರಿಪೇರಿಯನ್ನು ಬಂಡವಾಳ ವೆಚ್ಚವೆಂದು ಪರಿಗಣಿಸಲು ಅವಕಾಶ ಕೊಟ್ಟಿತು. ಒಳ್ಳೆಯ ತಿದ್ದುಪಡಿಯೇ. ಆದರೂ ಗ್ಯಾರೇಜಿನ ಮೆಕ್ಯಾನಿಕ್ಕಿನ ಸಂಬಳ ಬಂಡವಾಳವಾಗಬಹುದಾದರೆ, ಅದೇ ಬಸ್ಸಿನ ಚಾಲಕಿಯ ಸಂಬಳ ಯಾಕಾಗಬಾರದು ಎಂಬುದಕ್ಕೆ ನನಗೆ ತೃಪ್ತಿಕರವಾದ ಉತ್ತರ ಎಲ್ಲೂ ಸಿಕ್ಕಿಲ್ಲ.

ಈ ಗೆರೆ ಅಳಿಸಿದರೆ ಏನಾಗುತ್ತದೆ ಎಂಬುದನ್ನು ದೇಶ ಒಮ್ಮೆ ಕಣ್ಣಾರೆ ಕಂಡಿದೆ. 2020ರ ಮಾರ್ಚಿನಲ್ಲಿ 2,500 ಕೋಟಿ ಡಾಲರ್, ಅದೇ ಡಿಸೆಂಬರಿನಲ್ಲಿ 1,400 ಕೋಟಿ, 2021ರ ಮಾರ್ಚಿನಲ್ಲಿ 3,050 ಕೋಟಿ, ಹೀಗೆ ಮೂರು ಕಾಯಿದೆಗಳ ಮೂಲಕ ಒಟ್ಟು 6,950 ಕೋಟಿ ಡಾಲರನ್ನು ಸಂಸತ್ತು ಸಾರಿಗೆ ಸಂಸ್ಥೆಗಳಿಗೆ ಕೊಟ್ಟಿತು. ನಡೆಸುವ ಖರ್ಚಿಗೆ ಬಳಸಬಹುದು, ಊರಿನ ಗಾತ್ರದ ಮಿತಿಯಿಲ್ಲ, ಸ್ಥಳೀಯ ಪಾಲು ಕೊಡಬೇಕಾಗಿಲ್ಲ. ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ, ದಾದಿಯರು, ದಿನಸಿ ಅಂಗಡಿಯವರು ಕೆಲಸಕ್ಕೆ ಹೋಗಲು ಬಸ್ಸುಗಳು ಓಡುತ್ತಲೇ ಇದ್ದವು. ಈಗ ಆ ಹಣ ಮುಗಿಯುತ್ತ ಬಂದಿದೆ. ನಮ್ಮಲ್ಲಿ ಕೊರತೆಯ ಸುದ್ದಿ ದಟ್ಟವಾಗಿರುವುದಕ್ಕೆ ಅದೇ ಕಾರಣ. ವಾಹನಗಳು ಸವೆದಿಲ್ಲ, ಹಳಿ ಮುರಿದಿಲ್ಲ. ದಿನದಿನದ ಖರ್ಚಿಗೆ ಇದ್ದ ಹಣವಷ್ಟೇ ತೀರುತ್ತಿದೆ.

ಸಾರಿಗೆಯ ಆಚೆಗೂ ಇದೇ ಮನೋಭಾವ ಕಾಣುತ್ತದೆ. ಬಡ ಬಡಾವಣೆಗಳಲ್ಲಿ ಪಾದಚಾರಿ ಮಾರ್ಗ, ಸಮುದಾಯ ಭವನ, ಒಳಚರಂಡಿ ಕಟ್ಟಲು 1974ರಿಂದ ನಗರಗಳಿಗೂ ಕೌಂಟಿಗಳಿಗೂ ಸಿಗುತ್ತಿರುವ ಸಮುದಾಯ ಅಭಿವೃದ್ಧಿ ಅನುದಾನ ಅಮೆರಿಕದ ಅತ್ಯುತ್ತಮ ಯೋಜನೆಗಳಲ್ಲೊಂದು ಎಂದೇ ನನ್ನ ಭಾವನೆ. ಕನಿಷ್ಠ ಶೇ 70 ಹಣ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಉಪಯೋಗವಾಗಬೇಕೆಂಬ ಷರತ್ತು ಅದಕ್ಕಿದೆ. ಆದರೆ ಸೇವೆಗಳಿಗೆ, ಅಂದರೆ ಆ ಭವನದಲ್ಲಿ ಹಿರಿಯರಿಗೆ ಊಟ, ಮಕ್ಕಳಿಗೆ ಸಂಜೆಯ ಪಾಠ ನಡೆಸುವುದಕ್ಕೆ, ಸಾಮಾನ್ಯವಾಗಿ ಶೇ 15ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಕಟ್ಟಡಕ್ಕೆ ಹಣವಿದ್ದು ಬಾಗಿಲು ತೆರೆಯುವವರಿಗೆ ಇಲ್ಲವಾಗುವುದು ಹೀಗೆ.

ಇನ್ನೊಂದು ದಾರಿ, ಸಂಸದರು ತಮ್ಮ ಕ್ಷೇತ್ರದ ನಿರ್ದಿಷ್ಟ ಕೆಲಸಗಳಿಗೆ ಆಯವ್ಯಯದಲ್ಲೇ ಹಣ ಗೊತ್ತುಪಡಿಸುವುದು. 2005ರ ಕಾಯಿದೆಯಲ್ಲಿ ಅಲಾಸ್ಕಾದ ಕೆಚಿಕನ್ ಊರಿನಿಂದ ಗ್ರವಿನಾ ದ್ವೀಪಕ್ಕೆ ಸೇತುವೆ ಕಟ್ಟಲು 22.3 ಕೋಟಿ ಡಾಲರ್ ಇಟ್ಟದ್ದು ದೊಡ್ಡ ವಿವಾದವಾಗಿ, ಕೊನೆಗೆ 2011ರಲ್ಲಿ ಈ ಪದ್ಧತಿಯೇ ನಿಂತಿತು. ಹತ್ತು ವರ್ಷಗಳ ನಂತರ ಅದು ಸಮುದಾಯ ಯೋಜನಾ ನಿಧಿ ಎಂಬ ಹೆಸರಿನಲ್ಲಿ, ಕೋರಿಕೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಬೇಕು, ಸಂಸದರ ಕುಟುಂಬಕ್ಕೆ ಆರ್ಥಿಕ ಹಿತಾಸಕ್ತಿ ಇರಕೂಡದು, ಲಾಭದ ಕಂಪನಿಗಳಿಗೆ ಕೊಡಕೂಡದು ಎಂಬ ನಿಯಮಗಳೊಂದಿಗೆ ಮರಳಿತು. ಬಸ್ ತಂಗುದಾಣ, ಕುಡಿಯುವ ನೀರಿನ ಕೊಳವೆ, ಅಗ್ನಿಶಾಮಕ ಠಾಣೆಯಂಥ ಸಣ್ಣ ಕೆಲಸಗಳಿಗೆ ಇದು ನಿಜಕ್ಕೂ ಉಪಯುಕ್ತ. ಆದರೆ 2025ರ ಮಾರ್ಚಿನಲ್ಲಿ ಸಂಸತ್ತು ಹೊಸ ಆಯವ್ಯಯ ಮಾಡದೆ ಹಳೆಯದನ್ನೇ ವರ್ಷವಿಡೀ ಮುಂದುವರಿಸಿದಾಗ ಆ ಸಾಲಿನ ಇಂಥ ಯೋಜನೆಗಳೆಲ್ಲ ಬಿಟ್ಟುಹೋದವು. ಅರ್ಜಿ ಹಾಕಿ, ನಕ್ಷೆ ಮಾಡಿಸಿ ಕಾದಿದ್ದ ಊರುಗಳ ಪಾಲಿಗೆ ಒಂದು ವರ್ಷ ಹಾಗೆಯೇ ಕಳೆಯಿತು.

ಎದುರುವಾದವನ್ನೂ ನ್ಯಾಯವಾಗಿ ಇಡಬೇಕು. ನಡೆಸುವ ಖರ್ಚಿಗೆ ಹೊರಗಿನ ಹಣ ಬಂದರೆ ಸ್ಥಳೀಯ ಮಂಡಳಿಗಳು ಖರ್ಚಿನ ಮೇಲೆ ಹಿಡಿತ ಕಳೆದುಕೊಳ್ಳುತ್ತವೆ, ಸೇವೆ ಹೆಚ್ಚದೆ ವೆಚ್ಚ ಮಾತ್ರ ಹೆಚ್ಚುತ್ತದೆ ಎಂಬುದು ವಿರೋಧಿಗಳ ಮಾತು. 1974ರ ನಂತರದ ವರ್ಷಗಳ ಅನುಭವವನ್ನು ಅವರು ಮುಂದಿಡುತ್ತಾರೆ. ಬಸ್ಸು ಎಲ್ಲಿ, ಎಷ್ಟು ಹೊತ್ತಿಗೊಮ್ಮೆ ಓಡಬೇಕೆಂಬುದನ್ನು ಅದಕ್ಕೆ ಹಣ ಕೊಡುವ ಊರಿನವರೇ ತೀರ್ಮಾನಿಸಬೇಕು ಎಂಬ ಮಾತಿನಲ್ಲೂ ತೂಕವಿದೆ. ನಾನು ಇದನ್ನು ತಳ್ಳಿಹಾಕುವುದಿಲ್ಲ. ಆದರೆ ಆ ಭಯಕ್ಕೆ ಪರಿಹಾರ, ನೆರವನ್ನು ಸೇವೆಯ ಅಳತೆಗೆ ಕಟ್ಟುವುದರಲ್ಲಿದೆ: ಸಂಸ್ಥೆ ಎಷ್ಟು ಗಂಟೆ ಹೆಚ್ಚುವರಿಯಾಗಿ ಬಸ್ಸು ಓಡಿಸಿತು ಎಂಬುದರ ಮೇಲೆ ಹಣ ಕೊಡಲಿ, ಇದ್ದ ಸ್ಥಳೀಯ ಪಾಲನ್ನು ಕಡಿಮೆ ಮಾಡಕೂಡದೆಂದು ಷರತ್ತು ಹಾಕಲಿ. ಎಷ್ಟು ವಾಹನ ಎಷ್ಟು ಗಂಟೆ ಓಡಿತೆಂಬ ಲೆಕ್ಕವನ್ನು ಪ್ರತಿ ಸಂಸ್ಥೆಯೂ ಈಗಾಗಲೇ ಒಕ್ಕೂಟದ ದತ್ತಾಂಶ ಕೋಶಕ್ಕೆ ಒಪ್ಪಿಸುತ್ತಿದೆ. ಹೊಸ ಕಚೇರಿ ತೆರೆಯಬೇಕಾಗಿಲ್ಲ.

ಇದು ಆಗದ ಮಾತೇನಲ್ಲ ಎನ್ನಲು ನಮ್ಮ ದೇಶದ ಕಡೆಗೂ ಒಮ್ಮೆ ನೋಡಬಹುದು. ಭಾರತದ ಕೇಂದ್ರ ಸಂಪುಟ 2023ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ 10,000 ವಿದ್ಯುತ್ ಬಸ್ಸುಗಳಿಗಾಗಿ ಕೇಂದ್ರದ ಪಾಲು 20,000 ಕೋಟಿ ರೂಪಾಯಿ, ಮತ್ತು ಆ ನೆರವು ಬಸ್ಸು ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಹತ್ತು ವರ್ಷ ಸಿಗುತ್ತದೆ. ಅದರ ಜಾರಿಯ ವೇಗದ ಬಗ್ಗೆ ಬೇರೆ ಚರ್ಚೆ ಬೇಕು. ಆದರೆ ನಿಂತ ಬಸ್ಸಿಗಲ್ಲ, ಓಡಿದ ಬಸ್ಸಿಗೆ ಹಣ ಎಂಬ ಅದರ ಮೂಲ ಯೋಚನೆ ಸರಿಯಾದದ್ದು.

ಇಲ್ಲಿನ ಕನ್ನಡಿಗರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕೇ ಎಂದು ಕೆಲವರು ಕೇಳುತ್ತಾರೆ. ಬಹುತೇಕ ಎಲ್ಲರ ಮನೆಯಲ್ಲೂ ಎರಡು ಕಾರುಗಳಿವೆ. ಆದರೆ ಹಾಸನದಿಂದಲೋ ಧಾರವಾಡದಿಂದಲೋ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರಿಗೆ ಇಲ್ಲಿ ಕಾರು ಓಡಿಸಲು ಬರುವುದಿಲ್ಲ. ಊರಿನಲ್ಲಿ ಬಸ್ ಹತ್ತಿ ಸಂತೆಗೆ, ದೇವಸ್ಥಾನಕ್ಕೆ, ನೆಂಟರ ಮನೆಗೆ ತಾವಾಗಿಯೇ ಹೋಗಿಬರುತ್ತಿದ್ದವರು, ಇಲ್ಲಿ ಮಗ ಸೊಸೆ ಕೆಲಸ ಮುಗಿಸಿ ಬರುವವರೆಗೆ ಮನೆಯೊಳಗೇ ಇರುತ್ತಾರೆ. ನಮ್ಮ ಅಮ್ಮ ಇಲ್ಲಿದ್ದಷ್ಟು ದಿನ ಅವರಿಗೆ ಬೇಸರ ತಂದದ್ದು ಚಳಿಯೂ ಅಲ್ಲ, ಭಾಷೆಯೂ ಅಲ್ಲ. ಹದಿನೈದು ನಿಮಿಷಕ್ಕೊಂದು ಬಸ್ಸು ಬರುವ ಬೀದಿಯಾಗಿದ್ದರೆ ಅವರು ಯಾರನ್ನೂ ಕಾಯುತ್ತಿರಲಿಲ್ಲ. ಇದೇ ಮಾತು ಹದಿನಾಲ್ಕರ ಮಕ್ಕಳಿಗೂ, ಕಣ್ಣು ಮಂಜಾದ ಅಮೆರಿಕದ ಹಿರಿಯರಿಗೂ, ಎರಡು ಕಡೆ ಕೆಲಸ ಮಾಡಿ ಬದುಕುವ ಮೆಕ್ಸಿಕೊ ಮೂಲದ ನೆರೆಯವರಿಗೂ ಅನ್ವಯಿಸುತ್ತದೆ.

2021ರ ಮೂಲಸೌಕರ್ಯ ಕಾಯಿದೆಯ ಅವಧಿ 2026ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅದರ ಜಾಗಕ್ಕೆ ಬರುವ ಕಾನೂನಿನಲ್ಲಿ ಈ ಗೆರೆಯನ್ನು ಬದಲಿಸಬಹುದು. ನಡೆಸುವ ಖರ್ಚಿಗೆ ಪ್ರತ್ಯೇಕ ನಿಧಿ ಬೇಕೆಂಬ ಮಸೂದೆಯನ್ನು ಜಾರ್ಜಿಯಾದ ಪ್ರತಿನಿಧಿ ಹ್ಯಾಂಕ್ ಜಾನ್ಸನ್ ಈಗಾಗಲೇ ಮಂಡಿಸಿದ್ದಾರೆ. ಇತ್ತ ಕ್ಯಾಲಿಫೋರ್ನಿಯಾದಲ್ಲಿ, ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ನಮ್ಮ ಪ್ರದೇಶದ, ಐದು ಕೌಂಟಿಗಳ ಮತದಾರರ ಮುಂದೆ 2026ರ ನವೆಂಬರಿನಲ್ಲಿ ಸಾರಿಗೆಗಾಗಿ ಮಾರಾಟ ತೆರಿಗೆಯ ಪ್ರಶ್ನೆ ಇಡಲು ಅವಕಾಶ ಕೊಡುವ ಕಾನೂನಿಗೆ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ 2025ರ ಅಕ್ಟೋಬರಿನಲ್ಲಿ ಸಹಿ ಹಾಕಿದರು. ಒಂದು ದಾರಿ ವಾಷಿಂಗ್ಟನ್ನಿನದು, ಇನ್ನೊಂದು ನಮ್ಮದೇ ಜೇಬಿನದು, ಎರಡರ ಗಡುವೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತಿದೆ. ನಮ್ಮ ಕ್ಷೇತ್ರದ ಸಂಸದರ ಕಚೇರಿಗೆ ನಾನು ಬರೆಯುತ್ತಿರುವ ಪತ್ರದಲ್ಲಿ ಕೇಳಿರುವುದು ಒಂದೇ ಬದಲಾವಣೆ: 2 ಲಕ್ಷ ಜನಸಂಖ್ಯೆಯ ಮಿತಿಯನ್ನು ತೆಗೆಯಿರಿ, ಸೇವೆಯನ್ನು ಹೆಚ್ಚಿಸುವ ಸಂಸ್ಥೆಗಳು ತಮ್ಮ ಅನುದಾನದ ಒಂದು ಪಾಲನ್ನು ಚಾಲಕರ ಸಂಬಳಕ್ಕೆ ಬಳಸಲು ಬಿಡಿ. ಇಲ್ಲಿ ಮತದಾನದ ಹಕ್ಕು ಇರುವವರೂ ಇಲ್ಲದವರೂ ಇಂಥ ಪತ್ರ ಬರೆಯಬಹುದು, ಸಾರಿಗೆ ಮಂಡಳಿಯ ಸಭೆಗಳಲ್ಲಿ ಮಾತಾಡಬಹುದು. ಆ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಮಾತಾಡಲು ಪೌರತ್ವದ ಕಾಗದವನ್ನು ಯಾರೂ ಕೇಳುವುದಿಲ್ಲ.